ಹೆತ್ತವರು ತೆರೆದ ಬಾಗಿಲು

ಛತ್ರದಲ್ಲಿ ಮುಹೂರ್ತದ ಹೊತ್ತು. ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದ್ದೇ ತಡ, ಗಟ್ಟಿಮೇಳ ಮೊಳಗುತ್ತದೆ. ಡೋಲು, ನಾದಸ್ವರ, ಸಾಲದ್ದಕ್ಕೆ ಧ್ವನಿವರ್ಧಕ. ಎಲ್ಲರೂ ಅಕ್ಷತೆ ಹಿಡಿದು ಮಂಟಪದ ಕಡೆ ಕತ್ತು ಚಾಚುವಾಗ, ಮೂರನೇ ಸಾಲಿನಲ್ಲಿ ಕೂತ ಐದು ವರ್ಷದ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗುತ್ತಾನೆ. ಅಮ್ಮ ಅವನನ್ನು ಎತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೊರಗೋಡುತ್ತಾಳೆ. ಅಪ್ಪ ಯಾರ ಮುಖವನ್ನೂ ನೋಡದೆ ಹಿಂದೆಯೇ ಹೋಗುತ್ತಾನೆ. ಊಟದ ಪಂಕ್ತಿಯಲ್ಲಿ ಮಾತು ಶುರುವಾಗುತ್ತದೆ. ‘ಮುದ್ದು ಜಾಸ್ತಿಯಾಗಿದೆ.’ ‘ಇಬ್ಬರೂ ಕೆಲಸಕ್ಕೆ ಹೋಗ್ತಾರಲ್ಲ, ಮಗೂನ ಮಾತಾಡಿಸೋರು ಯಾರು?’ ‘ನಮ್ಮ ಭಾವನಿಗೂ ಮಾತು ಬಂದಿದ್ದು ಐದು ವರ್ಷಕ್ಕೇ, ಈಗ ನೋಡಿ, ವಕೀಲ!’ ಹಿರಿಯರೊಬ್ಬರು ಬಜೆ ಬೇರು ತೇಯ್ದು ನಾಲಿಗೆಗೆ ಸವರಲು ಹೇಳುತ್ತಾರೆ. ಇನ್ನೊಬ್ಬರು ಯಾವುದೋ ದೇವಸ್ಥಾನದ ವಿಳಾಸ ಕೊಡುತ್ತಾರೆ.

ಅಷ್ಟು ಹೊತ್ತಿಗೆ ಆ ಅಮ್ಮ ಹೊರಗೆ ಮರದ ನೆರಳಿನಲ್ಲಿ ಮಗುವಿನ ಬೆನ್ನನ್ನು ಬಿಗಿಯಾಗಿ ಒತ್ತಿ ಹಿಡಿದು ಕೂತಿರುತ್ತಾಳೆ. ಹಾಗೆ ಒತ್ತಿ ಹಿಡಿದರೆ ಅವನು ಬೇಗ ಸಮಾಧಾನಗೊಳ್ಳುತ್ತಾನೆ ಎಂಬುದನ್ನು ಯಾವ ವೈದ್ಯರೂ ಹೇಳಿಕೊಟ್ಟದ್ದಲ್ಲ, ಅವಳೇ ಕಂಡುಕೊಂಡದ್ದು. ಮುಂದಿನ ಮದುವೆಗೆ ಅವರು ಬರುವುದಿಲ್ಲ. ಆಮೇಲಿನ ನಾಮಕರಣಕ್ಕೂ ಇಲ್ಲ. ಒಂದೆರಡು ವರ್ಷ ಕಳೆಯುವುದರಲ್ಲಿ ಕರೆಯುವವರೂ ಕಡಿಮೆಯಾಗುತ್ತಾರೆ.

ಆಟಿಸಂ ಎಂಬ ಹೆಸರನ್ನು ಇವತ್ತು ಕೇಳದವರು ಕಡಿಮೆ. ಅಂಥ ಮಗುವಿರುವ ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ ಎಂಬುದು ಮಾತ್ರ ಅಕ್ಕಪಕ್ಕದವರಿಗೂ ಗೊತ್ತಿರುವುದಿಲ್ಲ. ಈ ಮಕ್ಕಳಿಗೆ ಇಂದು ಸಿಗುತ್ತಿರುವ ವಿಶೇಷ ಶಾಲೆ, ಪ್ರಮಾಣಪತ್ರ, ಆರೋಗ್ಯ ವಿಮೆ, ಕಾನೂನಿನ ರಕ್ಷಣೆ ಎಲ್ಲಿಂದ ಬಂದವು ಎಂಬುದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಸರ್ಕಾರವಾಗಲಿ ವೈದ್ಯಲೋಕವಾಗಲಿ ತಾವಾಗಿ ಮುಂದೆ ಬಂದು ಕೊಟ್ಟದ್ದು ಇದರಲ್ಲಿ ಬಹಳ ಸ್ವಲ್ಪ. ಬಹುಪಾಲು ಬಂದದ್ದು ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕಚೇರಿಗಳ ಮೆಟ್ಟಿಲು ಹತ್ತಿದ ತಂದೆತಾಯಿಯರ ಹಟದಿಂದ.

ಏನಿದು ಆಟಿಸಂ?

ಇದು ಹರಡುವ ರೋಗವಲ್ಲ, ಬಂದು ಹೋಗುವ ಕಾಯಿಲೆಯೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಮಾತು ಮತ್ತು ಸನ್ನೆಯ ಮೂಲಕ ಇನ್ನೊಬ್ಬರೊಂದಿಗೆ ಬೆರೆಯುವುದು ಕಷ್ಟವಾಗುತ್ತದೆ. ಮಾಡಿದ್ದನ್ನೇ ಮಾಡುವ, ಒಂದೇ ಕ್ರಮಕ್ಕೆ ಅಂಟಿಕೊಳ್ಳುವ ಸ್ವಭಾವ ಇರುತ್ತದೆ. ಇವುಗಳ ಜತೆಗೆ ಇಂದ್ರಿಯಗಳ ತೀವ್ರತೆ. ನಮಗೆ ಬರೀ ಸದ್ದಾದ ಮಿಕ್ಸಿ, ಕುಕ್ಕರಿನ ಸೀಟಿ ಆ ಕಿವಿಗೆ ತಡೆಯಲಾರದ ಹಿಂಸೆಯಾಗಬಹುದು. ಅಂಗಿಯ ಕತ್ತಿನ ಪಟ್ಟಿಯಲ್ಲಿ ಹೊಲಿದ ಸಣ್ಣ ಚೀಟಿ ಇಡೀ ದಿನ ಚುಚ್ಚುತ್ತಿರಬಹುದು. ಛತ್ರದಲ್ಲಿ ಕಿರುಚಿದ ಹುಡುಗನದು ಹಟವಲ್ಲ, ನೋವು.

ಗುರುತುಗಳು ಬೇಗನೆ ಕಾಣಿಸುತ್ತವೆ. ವರ್ಷ ತುಂಬಿದರೂ ಹೆಸರು ಕೂಗಿದರೆ ಮಗು ತಿರುಗಿ ನೋಡುವುದಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುವ ಬದಲು ದೊಡ್ಡವರ ಕೈ ಹಿಡಿದೆಳೆದು ಅದರ ಮೇಲೆ ಇಡುತ್ತದೆ. ಆಟದ ಕಾರನ್ನು ಓಡಿಸದೆ ತಿರುಗಿಸಿ ಹಿಡಿದು ಚಕ್ರವನ್ನಷ್ಟೇ ಸುತ್ತಿಸುತ್ತ ಕೂರುತ್ತದೆ. ಕೆಲವು ಮಕ್ಕಳಲ್ಲಿ ಬಂದಿದ್ದ ನಾಲ್ಕಾರು ಮಾತು ಒಂದೂವರೆ, ಎರಡು ವರ್ಷದ ಸುಮಾರಿಗೆ ನಿಂತುಹೋಗುತ್ತದೆ. ಇವನ್ನು ಮೊದಲು ಗಮನಿಸುವುದು ಸಾಮಾನ್ಯವಾಗಿ ತಾಯಿ ಅಥವಾ ಅಜ್ಜಿ.

ಎಲ್ಲರಲ್ಲೂ ಇದು ಒಂದೇ ಥರ ಇರುವುದಿಲ್ಲ. ಒಬ್ಬ ಜೀವನಪೂರ್ತಿ ಮಾತಿಲ್ಲದೆ ಇರಬಹುದು, ಸ್ನಾನಕ್ಕೂ ಊಟಕ್ಕೂ ನೆರವು ಬೇಕಾಗಬಹುದು. ಇನ್ನೊಬ್ಬಳು ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿಯೂ ಕ್ಯಾಂಟೀನಿನ ಗದ್ದಲದಲ್ಲಿ ಕೂರಲಾರದೆ ಒಬ್ಬಳೇ ಉಣ್ಣುತ್ತಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ಒಂದು ದೊಡ್ಡ ಹಳ್ಳಿಯಲ್ಲಿ, ಒಂದು ಸಾಧಾರಣ ಪ್ರೌಢಶಾಲೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ.

ಕಾರಣಗಳಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಈಗ ಸ್ಪಷ್ಟ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಗುಲ್ಲು ಹುಟ್ಟಿದ್ದು 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ, ಕೇವಲ 12 ಮಕ್ಕಳನ್ನು ಕುರಿತ ಒಂದು ಪ್ರಬಂಧದಿಂದ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಬರೆದ ವೈದ್ಯರ ನೋಂದಣಿಯೇ ರದ್ದಾಯಿತು. ಗುಲ್ಲು ಮಾತ್ರ ಇನ್ನೂ ಸತ್ತಿಲ್ಲ. ಈಚೆಗೆ ಮೊಬೈಲಿನ ಮೇಲೆ ದೂರು ಹೆಚ್ಚಿದೆ. ಎಳೆಯ ಮಗುವಿನ ಕೈಗೆ ಮೊಬೈಲ್ ಕೊಡಬಾರದೆಂಬುದು ಸರಿಯಾದ ಮಾತೇ. ಆದರೆ ‘ನೀನು ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯಿತು’ ಎಂದು ತಾಯಿಗೆ ಅನ್ನುವುದು ಹಳೆಯ ತಪ್ಪನ್ನೇ ಹೊಸ ಬಾಯಲ್ಲಿ ಹೇಳಿದಂತೆ.

ಮೂವತ್ತಮೂರು ಪುಟದ ಕಾಗದ

ಆ ಹಳೆಯ ತಪ್ಪಿನ ಕತೆ ತಿಳಿದುಕೊಳ್ಳಬೇಕಾದ್ದು. ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ತಮ್ಮ ಮಗ ಡೊನಾಲ್ಡ್ ಬಗ್ಗೆ ಬಾಲ್ಟಿಮೋರಿನ ವೈದ್ಯ ಲಿಯೊ ಕ್ಯಾನರ್ ಅವರಿಗೆ 1938ರಲ್ಲಿ 33 ಪುಟಗಳ ಕಾಗದ ಬರೆದರು. ಮಗು ಏನು ಉಣ್ಣುತ್ತದೆ, ಏನನ್ನು ಸುತ್ತಿಸುತ್ತದೆ, ಯಾವ ಮಾತನ್ನು ತಿರುಗಿ ತಿರುಗಿ ಹೇಳುತ್ತದೆ, ಎಲ್ಲವೂ ಅದರಲ್ಲಿತ್ತು. ಐದು ವರ್ಷದ ನಂತರ, 1943ರಲ್ಲಿ, ಕ್ಯಾನರ್ 11 ಮಕ್ಕಳನ್ನು ಕುರಿತ ಪ್ರಬಂಧ ಪ್ರಕಟಿಸಿದರು. ವೈದ್ಯಶಾಸ್ತ್ರದಲ್ಲಿ ಆಟಿಸಂ ಎಂಬ ಸ್ಥಿತಿಗೆ ನೆಲೆ ಸಿಕ್ಕಿದ್ದು ಅಲ್ಲಿ. ಅದರ ಮೊದಲ ಮಗು ಡೊನಾಲ್ಡ್. ಅಂದರೆ ಈ ಶಾಸ್ತ್ರದ ಮೊದಲ ಪುಟಗಳನ್ನು ಬರೆದದ್ದೇ ಒಬ್ಬ ತಂದೆ.

ಆಮೇಲೆ ನಡೆದದ್ದು ಕ್ರೂರ. ಇಷ್ಟು ವಿವರವಾಗಿ ಮಗುವನ್ನು ಗಮನಿಸಿದ ಹೆತ್ತವರನ್ನೇ ‘ಭಾವನೆಯಿಲ್ಲದವರು, ತಣ್ಣಗಿನವರು’ ಎಂದು ಕರೆಯಲಾಯಿತು. ತಾಯಿಯ ಪ್ರೀತಿ ಸಾಲದೆ ಮಗು ತನ್ನೊಳಗೇ ಮುದುಡಿಕೊಂಡಿದೆ ಎಂಬ ವಾದಕ್ಕೆ ‘ರೆಫ್ರಿಜರೇಟರ್ ತಾಯಿ’ ಎಂಬ ಹೆಸರೂ ಅಂಟಿತು. ಶಿಕಾಗೊದ ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಇದನ್ನೇ ಸಾರಿ ಹೆಸರು ಗಳಿಸಿದರು. ಮಗುವನ್ನು ತಾಯಿಯಿಂದ ದೂರ ಇಡುವುದೇ ಚಿಕಿತ್ಸೆ ಎನಿಸಿಕೊಂಡಿತು. ಎರಡು ದಶಕಗಳ ಕಾಲ ಸಾವಿರಾರು ತಾಯಂದಿರು ಮಾಡದ ತಪ್ಪಿಗೆ ತಮ್ಮನ್ನು ತಾವೇ ಶಪಿಸಿಕೊಂಡು ಬದುಕಿದರು.

ಅದನ್ನು ಮುರಿದವರೂ ಹೆತ್ತವರೇ. ಸ್ಯಾನ್ ಡಿಯೇಗೊದಲ್ಲಿ ನೌಕಾದಳದ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲಂಡ್ ಅವರ ಮಗನಿಗೆ ಆಟಿಸಂ ಇತ್ತು. ತಾಯಿಯ ದೋಷ ಎಂಬ ಮಾತಿಗೆ ಪುರಾವೆ ಎಲ್ಲಿದೆ ಎಂದು ಹುಡುಕುತ್ತ ಹೋದ ಅವರಿಗೆ ಪುರಾವೆ ಎಲ್ಲೂ ಸಿಗಲಿಲ್ಲ. 1964ರಲ್ಲಿ ಪುಸ್ತಕ ಬರೆದು, ಇದು ನರಮಂಡಲಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಾದಿಸಿದರು. ಪುಸ್ತಕಕ್ಕೆ ಮುನ್ನುಡಿ ಬರೆದವರು ಕ್ಯಾನರ್ ಅವರೇ. ಕೊನೆಯಲ್ಲಿ ಒಂದು ಪ್ರಶ್ನಾವಳಿ ಇತ್ತು. ದೇಶದ ಮೂಲೆಮೂಲೆಯ ತಂದೆತಾಯಿಯರು ಆ ಪುಟಗಳನ್ನು ತುಂಬಿ ಅಂಚೆಗೆ ಹಾಕತೊಡಗಿದರು. ಮರುವರ್ಷವೇ ಅವರೆಲ್ಲ ಸೇರಿ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. 1969ರಲ್ಲಿ ಆ ಸಂಘದ ಸಭೆಗೆ ಬಂದ ಕ್ಯಾನರ್, ಹೆತ್ತವರು ನಿರ್ದೋಷಿಗಳು ಎಂದು ವೇದಿಕೆಯಿಂದಲೇ ಘೋಷಿಸಿದರು.

ಸಂಘದ ಮೊದಲ ಚುನಾಯಿತ ಅಧ್ಯಕ್ಷೆ ರೂತ್ ಸಲಿವನ್ ಏಳು ಮಕ್ಕಳ ತಾಯಿ. ತಮ್ಮ ಮಗನಿಗೆ ಶಾಲೆ ಬೇಕೆಂದು ಶುರುಮಾಡಿದ ಅವರ ಹೋರಾಟ, ಅಂಗವಿಕಲ ಮಕ್ಕಳೆಲ್ಲರಿಗೂ ಸರ್ಕಾರಿ ಶಾಲೆಯಲ್ಲಿ ಶಿಕ್ಷಣ ಕೊಡಲೇಬೇಕೆಂಬ 1975ರ ಅಮೆರಿಕದ ಕಾನೂನಿನ ಹಿಂದಿನ ಒತ್ತಡಗಳಲ್ಲಿ ಒಂದಾಯಿತು. ಇತ್ತ ಬ್ರಿಟನ್ನಿನಲ್ಲಿ ಮನೋವೈದ್ಯೆ ಲೋರ್ನಾ ವಿಂಗ್ ಇದ್ದರು. ಅವರ ಮಗಳಿಗೂ ಆಟಿಸಂ. 1962ರಲ್ಲಿ ಇತರ ತಂದೆತಾಯಿಯರೊಂದಿಗೆ ಸೇರಿ ಅವರು ಕಟ್ಟಿದ ಸಂಸ್ಥೆಯೇ ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಆಟಿಸಂ ಒಂದೇ ಬಗೆಯದಲ್ಲ, ಅದಕ್ಕೆ ಅನೇಕ ಮೆಟ್ಟಿಲುಗಳಿವೆ ಎಂದು ಲಂಡನ್ನಿನ ಮಕ್ಕಳ ಅಧ್ಯಯನದಿಂದ ಜುಡಿತ್ ಗೌಲ್ಡ್ ಅವರೊಂದಿಗೆ 1979ರಲ್ಲಿ ತೋರಿಸಿಕೊಟ್ಟವರೂ ಅವರೇ. ಇಂದು ಎಲ್ಲರ ಬಾಯಲ್ಲಿರುವ ‘ಸ್ಪೆಕ್ಟ್ರಂ’ ಎಂಬ ಪರಿಕಲ್ಪನೆಯ ಹಿಂದೆ ಮಗಳನ್ನು ದಿನವೂ ನೋಡುತ್ತಿದ್ದ ತಾಯಿಯ ಕಣ್ಣೂ ಇತ್ತು.

ದೆಹಲಿಯ ಒಬ್ಬ ತಾಯಿ

ಭಾರತದಲ್ಲಿ ಎಂಬತ್ತರ ದಶಕದಲ್ಲಿ ಮಗುವನ್ನು ಎತ್ತಿಕೊಂಡು ಹೋದರೆ ಎಷ್ಟೋ ವೈದ್ಯರಿಗೇ ಈ ಹೆಸರು ಅಪರಿಚಿತ. ಬುದ್ಧಿಮಾಂದ್ಯ ಎಂದು ಚೀಟಿ ಬರೆಯುವುದು, ‘ದೊಡ್ಡವನಾದರೆ ಸರಿಹೋಗ್ತಾನೆ’ ಎನ್ನುವುದು, ಇಷ್ಟೇ. ಮಗನಿಗಾಗಿ ಹೀಗೆಯೇ ಬಾಗಿಲು ಬಾಗಿಲು ತಟ್ಟಿದ ಮೇರಿ ಬರುವಾ 1991ರಲ್ಲಿ ದೆಹಲಿಯಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಆರಂಭಿಸಿದರು. 1994ರಲ್ಲಿ ‘ಓಪನ್ ಡೋರ್’ ಎಂಬ ಶಾಲೆ ಬಂತು. ಅದೇ ವರ್ಷ ಒಂದು ಸಣ್ಣ ನಿಯತಕಾಲಿಕೆಯೂ ಶುರುವಾಯಿತು. ಇಂಟರ್‌ನೆಟ್ ಇಲ್ಲದ ಕಾಲದಲ್ಲಿ ದೂರದೂರದ ಊರುಗಳ ಮನೆಗಳಿಗೆ ಅಂಚೆಯಲ್ಲಿ ಬಂದು ಬೀಳುತ್ತಿದ್ದ ಆ ಪುಟಗಳೇ ಎಷ್ಟೋ ತಾಯಂದಿರಿಗೆ ‘ಹೀಗಿರುವುದು ನನ್ನ ಮಗುವೊಂದೇ ಅಲ್ಲ’ ಎಂದು ತಿಳಿಸಿದವು.

ಬರುವಾ ಅವರ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಶಾಲೆಗಿಂತ ಹೆಚ್ಚಾಗಿ ಹೆತ್ತವರ ತರಬೇತಿ. ಬೇರೆ ಬೇರೆ ರಾಜ್ಯಗಳ ತಂದೆತಾಯಿಯರು ಮಗುವಿನೊಂದಿಗೆ ಬಂದು ಹನ್ನೆರಡು ವಾರ ಇದ್ದು ಕಲಿಯುವ ವ್ಯವಸ್ಥೆ ಅದು. ಚಿಕಿತ್ಸಕರು ವಾರಕ್ಕೆ ಮೂರು ಗಂಟೆ ಸಿಗಬಹುದು, ಉಳಿದಷ್ಟೂ ಹೊತ್ತು ಮಗು ಇರುವುದು ಮನೆಯಲ್ಲಿ ಎಂಬ ಸರಳ ತಿಳಿವಳಿಕೆಯ ಮೇಲೆ ಅದು ನಿಂತಿದೆ.

ಮನೆಯಲ್ಲಿ ಕಲಿಸುವುದು ಎಂದರೆ ಹೇಗಿರುತ್ತದೆ? ಅಡುಗೆಮನೆಯ ಬಾಗಿಲ ಪಕ್ಕ ಒಂದು ಉದ್ದದ ರಟ್ಟು. ಅದರ ಮೇಲೆ ಮೇಲಿಂದ ಕೆಳಕ್ಕೆ ಚಿತ್ರದ ಚೀಟಿಗಳು. ಬ್ರಷ್, ಬಕೆಟ್, ಅಂಗಿ, ತಟ್ಟೆ, ಶಾಲೆಯ ವ್ಯಾನು. ಒಂದೊಂದು ಕೆಲಸ ಮುಗಿದಂತೆ ಮಗು ಆ ಚೀಟಿಯನ್ನು ಕಿತ್ತು ಡಬ್ಬಿಗೆ ಹಾಕುತ್ತದೆ. ಮುಂದೇನು ಎಂಬುದು ಕಣ್ಣೆದುರು ಇದ್ದರೆ ಗಾಬರಿ ಕಡಿಮೆ. ಹಲ್ಲುಜ್ಜುವುದೊಂದನ್ನೇ ಬ್ರಷ್ ಹಿಡಿಯುವುದು, ಪೇಸ್ಟ್ ಮುಚ್ಚಳ ತಿರುಗಿಸುವುದು, ಒತ್ತುವುದು, ಎಡಕ್ಕೆ ಉಜ್ಜುವುದು, ಬಲಕ್ಕೆ ಉಜ್ಜುವುದು, ಉಗುಳುವುದು ಎಂದು ಬಿಡಿಸಿ ಒಂದೊಂದನ್ನೇ ತಿಂಗಳುಗಟ್ಟಲೆ ಹೇಳಿಕೊಡಬೇಕು. ವ್ಯಾನು ಬರದ ದಿನ ಆ ಚೀಟಿಯ ಜಾಗದಲ್ಲಿ ಆಟೊ ಚಿತ್ರ ಅಂಟಿಸಲು ಮರೆತರೆ ಬೆಳಗಿಡೀ ರಂಪ. ಈ ಕೆಲಸಕ್ಕೆ ರಜೆಯಿಲ್ಲ. ಇದಕ್ಕಾಗಿ ಕೈಯಲ್ಲಿದ್ದ ನೌಕರಿ ಬಿಟ್ಟ ತಾಯಂದಿರು ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದಾರೆ.

ಕಾನೂನಿನಲ್ಲಿ ಸೇರಿದ ಒಂದು ಪದ

1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. ಆಟಿಸಂ ಅದರಲ್ಲಿ ಇರಲಿಲ್ಲ. ಹೆಸರಿಲ್ಲವೆಂದರೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲವೆಂದರೆ ಯಾವ ಸವಲತ್ತೂ ಇಲ್ಲ. ಹೆತ್ತವರ ಸಂಘಟನೆಗಳು ಸತತವಾಗಿ ಪಟ್ಟು ಹಿಡಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯಗಳ ಜತೆ ಆಟಿಸಂ ಕೂಡ ಸೇರಿತು. ಭಾರತದ ಕಾನೂನು ಈ ಮಕ್ಕಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಆದರೂ ಪ್ರಮಾಣಪತ್ರದ ಗೋಳು ಮುಗಿಯಲಿಲ್ಲ. ಆಟಿಸಂ ಎಂದೇ ಪ್ರಮಾಣಪತ್ರ ಕೊಡುವ ವಿಧಾನವನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2016ರ ಏಪ್ರಿಲ್‌ನಲ್ಲಿ. ಅಲ್ಲಿಯತನಕ ಬಹುತೇಕ ಕುಟುಂಬಗಳು ಮಗುವಿಗೆ ಒಪ್ಪದ ಬೇರೆ ಹೆಸರಿನ ಕಾಗದವನ್ನೇ ಇಟ್ಟುಕೊಳ್ಳಬೇಕಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ದೊರೆಯಿತು. ಏಳಿದ್ದ ಪಟ್ಟಿ ಇಪ್ಪತ್ತೊಂದಕ್ಕೆ ಏರಿತು. ಆಟಿಸಂ ಒಳಗೆ ಬಂತು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿಯಲ್ಲಿ ಒಂದು ಪಾಲು, ಪ್ರವೇಶ ನಿರಾಕರಿಸುವಂತಿಲ್ಲ ಎಂಬ ಕಟ್ಟುಪಾಡು ಎಲ್ಲವೂ ಅಲ್ಲಿವೆ. ಈ ಸವಲತ್ತುಗಳಲ್ಲಿ ಹೆಚ್ಚಿನವಕ್ಕೆ ಪ್ರಮಾಣಪತ್ರದಲ್ಲಿ ಕನಿಷ್ಠ ಶೇ 40 ಎಂದು ದಾಖಲಾಗಿರಬೇಕು.

ಆ ಶೇಕಡಾವಾರು ಹೇಗೆ ಬರುತ್ತದೆ ಎಂಬುದು ಹೆತ್ತವರನ್ನು ಹೆಚ್ಚು ಕಾಡುವ ಪ್ರಶ್ನೆ. ಭಾರತದಲ್ಲೇ ರೂಪಿಸಿದ ‘ಇಸಾ’ ಎಂಬ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ. ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತದೆಯೇ, ಮಾತನ್ನು ಗಿಳಿಪಾಠದಂತೆ ಒಪ್ಪಿಸುತ್ತದೆಯೇ, ನೋವಾದರೆ ಸ್ಪಂದಿಸುತ್ತದೆಯೇ ಇತ್ಯಾದಿ. ಒಂದೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು 70 ಮುಟ್ಟಿದರೆ ಆಟಿಸಂ, 153 ದಾಟಿದರೆ ತೀವ್ರ. ಈ ಅಂಕದ ಮೇಲೆಯೇ ಶೇಕಡಾವಾರು ನಿರ್ಧಾರವಾಗುತ್ತದೆ. ಮಗುವನ್ನು ನೋಡುವುದರ ಜತೆ ಹೆತ್ತವರನ್ನೂ ಕೇಳಿ ಅಂಕ ಹಾಕುತ್ತಾರೆ. ಆದ್ದರಿಂದ ಹೋಗುವ ಮುನ್ನ ಮಗುವಿನ ಒಳ್ಳೆಯ ದಿನವನ್ನಷ್ಟೇ ನೆನೆಯದೆ ಸಾಮಾನ್ಯ ದಿನವನ್ನು ನೆನಪು ಮಾಡಿಕೊಂಡು ಬರೆದುಕೊಂಡು ಹೋಗುವುದು ಒಳ್ಳೆಯದು. ತನ್ನ ಮಗುವಿನ ಕುಂದನ್ನು ಪರರೆದುರು ಹೇಳಲು ಯಾವ ತಾಯಿಗೂ ನಾಲಿಗೆ ಏಳುವುದಿಲ್ಲ. ಆದರೆ ಅಲ್ಲಿ ಮುಚ್ಚಿಟ್ಟರೆ ಮಗುವಿಗೇ ನಷ್ಟ.

ಪ್ರಮಾಣಪತ್ರ ಬಂದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಸಿಗುತ್ತದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಮಾತಿನ ಥೆರಪಿ, ಆಕ್ಯುಪೇಷನಲ್ ಥೆರಪಿಯ ಖರ್ಚಿಗೂ ಅದರಲ್ಲಿ ಮಿತಿಯೊಳಗೆ ಅವಕಾಶವಿದೆ. ವಿಮೆಗೆ ಮೊದಲು ವೈದ್ಯಕೀಯ ತಪಾಸಣೆಯ ಷರತ್ತಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಪೋಷಕರಿಗೆ 75,000 ರೂಪಾಯಿ, ವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1.25 ಲಕ್ಷ ರೂಪಾಯಿ ಆದಾಯದಲ್ಲಿ ಕಡಿತ ಸಿಗುತ್ತದೆ. ಆಟಿಸಂ ಇರುವ ಮಗುವನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರಿ ನೌಕರರಿಗೆ 2014ರಿಂದ ಸರದಿ ವರ್ಗಾವಣೆಯಿಂದ ವಿನಾಯಿತಿ ಇದೆ.

ಮೈಸೂರಿನಾಚೆ, ಬೆಂಗಳೂರಿನಾಚೆ

ಕರ್ನಾಟಕ ಈ ವಿಷಯದಲ್ಲಿ ಬಡ ರಾಜ್ಯವೇನಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅರವತ್ತರ ದಶಕದಿಂದ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ವಾಕ್ ತಜ್ಞೆ ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕಾಮ್ ಡೀಲ್’ ಎಳೆಯ ಮಕ್ಕಳನ್ನು ಸಾಮಾನ್ಯ ಶಾಲೆಗೆ ಅಣಿಗೊಳಿಸುತ್ತ ಬಂದಿದೆ.

ತೊಂದರೆ ಇರುವುದು ನಕ್ಷೆಯಲ್ಲಿ. ಯಾದಗಿರಿಯ ಒಂದು ಹಳ್ಳಿಯಿಂದ ಮಗುವನ್ನು ಮೈಸೂರಿಗೆ ಕರೆತರುವುದೆಂದರೆ ಒಂದು ರಾತ್ರಿಯ ಪ್ರಯಾಣವಷ್ಟೇ ಅಲ್ಲ. ಅಪ್ಪ ಊರಲ್ಲಿ ಹೊಲ ನೋಡಿಕೊಂಡಿದ್ದು, ಅಮ್ಮ ಮಗುವಿನೊಂದಿಗೆ ಬಾಡಿಗೆ ಕೋಣೆ ಹಿಡಿದು ತಿಂಗಳಾನುಗಟ್ಟಲೆ ಇರಬೇಕು. ಅವಳ ಇನ್ನೊಂದು ಮಗು ಅಜ್ಜಿಯ ಮನೆಯಲ್ಲಿ. ಖಾಸಗಿ ಥೆರಪಿ ಕೇಂದ್ರಗಳು ಜಿಲ್ಲಾ ಕೇಂದ್ರಗಳಲ್ಲಿ ಈಗ ಕಾಣಿಸಿಕೊಂಡಿವೆ, ಗಂಟೆಯ ಲೆಕ್ಕದಲ್ಲಿ ಶುಲ್ಕ. ಕೂಲಿಯವರಿಗೆ ಅದು ಎಟಕುವುದಿಲ್ಲ.

ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಕೆಲವು ಕೊಂಡಿಗಳು ಹತ್ತಿರದಲ್ಲೇ ಇವೆ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳ ಬೆಳವಣಿಗೆಯ ವಿಳಂಬವನ್ನು ಪರೀಕ್ಷಿಸಬೇಕು, ಅನುಮಾನವಿದ್ದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಎಂಆರ್‌ಡಬ್ಲ್ಯು ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಪ್ರಮಾಣಪತ್ರ, ಮಾಸಾಶನದ ಅರ್ಜಿಗಳಲ್ಲಿ ನೆರವಾಗುವುದು ಅವರ ಕೆಲಸ. ಇವರಲ್ಲಿ ಅನೇಕರು ತಾವೂ ಅಂಗವಿಕಲರೇ, ಅಲ್ಪ ಗೌರವಧನದಲ್ಲಿ ದುಡಿಯುವವರು. ಕೈಕಾಲಿನ ತೊಂದರೆ ಕಣ್ಣಿಗೆ ಕಾಣುತ್ತದೆ, ಆಟಿಸಂ ಕಾಣುವುದಿಲ್ಲ. ಆದ್ದರಿಂದ ಅದನ್ನು ಗುರುತಿಸುವ ತರಬೇತಿ ಇವರಿಗೆ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಸರಿಯಾಗಿ ಸಿಕ್ಕರೆ ಮಕ್ಕಳು ಆರನೇ ವರ್ಷದ ಬದಲು ಎರಡನೇ ವರ್ಷದಲ್ಲೇ ಗೊತ್ತಾಗುತ್ತಾರೆ. ಎಳವೆಯ ಈ ನಾಲ್ಕು ವರ್ಷ ಮಾತು ಕಲಿಯಲು ಮಿದುಳು ಅತ್ಯಂತ ಹದವಾಗಿರುವ ಕಾಲ.

ಶಾಲೆಯ ಗೇಟಿನ ಮುಂದೆ

‘ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ, ಬೇರೆ ಕಡೆ ನೋಡಿ.’ ಈ ಮಾತನ್ನು ಕೇಳಿಸಿಕೊಳ್ಳದ ಪೋಷಕರು ಸಿಗುವುದು ಕಷ್ಟ. ಪ್ರವೇಶ ಸಿಕ್ಕಿದ ಮೇಲೂ ‘ತಾಯಿ ತರಗತಿಯ ಹೊರಗೆ ಕೂತಿರಲಿ’, ‘ಅರ್ಧ ದಿನ ಸಾಕು’, ‘ವಾರ್ಷಿಕೋತ್ಸವಕ್ಕೆ ಬೇಡ’ ಎಂಬ ಷರತ್ತುಗಳು. ಕಾನೂನಿನ ಪ್ರಕಾರ ಇದು ತಪ್ಪು. ಶಾಲೆಯೊಂದರ ಮೇಲೆ ಒಬ್ಬರೇ ದೂರು ಕೊಟ್ಟರೆ ಮಗುವಿಗೇ ಇರಿಸುಮುರಿಸಾದೀತು ಎಂದು ಹೆತ್ತವರು ಸುಮ್ಮನಾಗುತ್ತಾರೆ. ಹತ್ತು ಮಂದಿ ಒಟ್ಟಾಗಿ ಕ್ಷೇತ್ರ ಶಿಕ್ಷಣಾಧಿಕಾರಿಯ ಮುಂದೆಯೋ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರ ಮುಂದೆಯೋ ನಿಂತಾಗ ಆ ಭಯವಿರುವುದಿಲ್ಲ.

ಶಿಕ್ಷಕರನ್ನು ಬೈದೂ ಪ್ರಯೋಜನವಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ತರಬೇತಿಯಿಲ್ಲದ ಒಬ್ಬರು ಏನು ಮಾಡಿಯಾರು? ವಿಶೇಷ ಶಿಕ್ಷಕರು ಬೇಕು. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ಎಂಬ ಅನುಪಾತ ಸುಪ್ರೀಂ ಕೋರ್ಟಿನ 2021ರ ತೀರ್ಪಿನಲ್ಲಿ ಬಂತು. ಹುದ್ದೆಗಳನ್ನು ಮಂಜೂರು ಮಾಡಿ ಭರ್ತಿ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಮ್ಮಲ್ಲಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಶಿಕ್ಷಕರು ಹತ್ತಾರು ಶಾಲೆಗಳನ್ನು ಸುತ್ತುತ್ತಾರೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. ಅವರ ಶ್ರದ್ಧೆಗೆ ಕೊರತೆಯಿಲ್ಲ, ಕೈಗಳು ಸಾಲದು.

ಮಾರಾಟಕ್ಕಿಟ್ಟ ಆಸೆ

ದಿಕ್ಕು ತೋಚದ ಮನೆಗಳ ಸುತ್ತ ವ್ಯಾಪಾರ ಬೆಳೆಯುತ್ತದೆ. ಆರು ತಿಂಗಳಲ್ಲಿ ಗುಣಪಡಿಸುವ ಪುಡಿ, ಮೈಯ ಲೋಹ ತೆಗೆಯುವ ಚುಚ್ಚುಮದ್ದು, ಆಮ್ಲಜನಕದ ಕೊಠಡಿ, ಎಲ್ಲಕ್ಕಿಂತ ದುಬಾರಿಯಾದ ಸ್ಟೆಮ್ ಸೆಲ್ ಚಿಕಿತ್ಸೆ. ಒಡವೆ, ನಿವೇಶನ ಮಾರಿ ಲಕ್ಷಗಟ್ಟಲೆ ಸುರಿದವರಿದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಪ್ರಚಾರ ಮಾಡುವುದೂ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲೇ ಸ್ಪಷ್ಟಪಡಿಸಿತು. ಹರಕೆ ಹೊರುವುದರಿಂದ ಮನಸ್ಸಿಗೆ ಧೈರ್ಯ ಬರುವುದಾದರೆ ಹೊರಲಿ. ಥೆರಪಿಯ ಹಣವನ್ನೂ ಮಗುವಿನ ಎಳವೆಯನ್ನೂ ತಿನ್ನುವ ಭರವಸೆಗಳಿಂದ ಮಾತ್ರ ದೂರ ಇರಬೇಕು. ‘ಪೂರ್ತಿ ಗುಣ’ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಇಂಥ ಎಚ್ಚರಿಕೆ ವೈದ್ಯರಿಗಿಂತ ಬೇಗ ತಲುಪುವುದು ಇನ್ನೊಬ್ಬ ಪೋಷಕರಿಂದ. ಯಾವ ಕೇಂದ್ರ ಪ್ರಾಮಾಣಿಕ, ಯಾವ ದಂತವೈದ್ಯರು ತಾಳ್ಮೆಯಿಂದ ನೋಡುತ್ತಾರೆ, ಯಾವ ಸಲೂನಿನವರು ಬೆಳಗ್ಗೆ ಬೇಗ ಬಾಗಿಲು ತೆಗೆದು ಸದ್ದಿಲ್ಲದೆ ಕತ್ತರಿಯಲ್ಲೇ ಕೂದಲು ಕತ್ತರಿಸಿಕೊಡುತ್ತಾರೆ ಎಂಬುದು ಅನುಭವಿಸಿದವರಿಗಷ್ಟೇ ಗೊತ್ತು.

ನಮ್ಮ ನಂತರ ಯಾರು?

ಮಗು ಚಿಕ್ಕದಿರುವಾಗ ಮಾತಿನ ಚಿಂತೆ. ದೊಡ್ಡದಾದಂತೆ ಈ ಪ್ರಶ್ನೆ ರಾತ್ರಿ ನಿದ್ದೆಗೆಡಿಸುತ್ತದೆ. 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ. ಹೆತ್ತವರು ತಾವಾಗಿ ಅವನ ಪಾಲಕರಾಗಿ ಉಳಿಯುವುದಿಲ್ಲ. ಬ್ಯಾಂಕ್ ಖಾತೆಯಿಂದ ಆಸ್ತಿಯವರೆಗೆ ಎಲ್ಲದಕ್ಕೂ ತೊಡಕು. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ಕೋರ್ಟಿಗೆ ಅಲೆಯಬೇಕಿಲ್ಲ. ಸಮಿತಿಯಲ್ಲಿ ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೂ ಒಬ್ಬ ಅಂಗವಿಕಲ ವ್ಯಕ್ತಿಯೂ ಇರುತ್ತಾರೆ. ಸಮಿತಿ ನಿಯಮಿತವಾಗಿ ಸಭೆ ಸೇರುತ್ತಿದೆಯೇ ಎಂದು ಕೇಳುತ್ತಲೇ ಇರಬೇಕಾದವರು ಮತ್ತೆ ಹೆತ್ತವರೇ.

ವಯಸ್ಕರಿಗೆ ವಸತಿ ಇನ್ನೂ ದೊಡ್ಡ ಕೊರತೆ. ನ್ಯಾಸದ ‘ಘರೌಂದಾ’ ಯೋಜನೆ ಕಾಗದದಲ್ಲಿ ಚೆನ್ನಾಗಿದೆ, ಅಗತ್ಯದ ಮುಂದೆ ಅದು ತೀರ ಚಿಕ್ಕದು. ನಾಲ್ಕೈದು ಕುಟುಂಬಗಳು ಸೇರಿ ಜಾಗ ಕೊಂಡು, ಮಕ್ಕಳು ತಮ್ಮ ಹತ್ತಿರದಲ್ಲೇ ನೆರವಿನೊಂದಿಗೆ ಬದುಕುವಂಥ ಮನೆ ಕಟ್ಟುವ ಯತ್ನಗಳು ಅಲ್ಲಲ್ಲಿ ನಡೆದಿವೆ. ಒಡಹುಟ್ಟಿದವರ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿ ಕಣ್ಣು ಮುಚ್ಚುವುದಕ್ಕಿಂತ ಇದು ಎಷ್ಟೋ ಮೇಲು.

ಹೆತ್ತವರ ಪರವಾಗಿ ಇಷ್ಟು ಹೇಳಿದ ಮೇಲೆ ಇನ್ನೊಂದು ದನಿಗೂ ಕಿವಿಗೊಡಬೇಕು. 1993ರಲ್ಲಿ ಟೊರಾಂಟೊದ ಸಮ್ಮೇಳನವೊಂದರಲ್ಲಿ ಜಿಮ್ ಸಿಂಕ್ಲೇರ್ ಹೆತ್ತವರಿಗೆ ಹೇಳಿದ ಮಾತು ಆಟಿಸಂ ಇರುವ ವಯಸ್ಕರ ಚಳವಳಿಗೇ ಬುನಾದಿಯಾಯಿತು. ನಮಗಾಗಿ ಶೋಕಿಸಬೇಡಿ, ನಾವು ಕಳೆದುಹೋದ ಮಕ್ಕಳಲ್ಲ, ಇರುವ ಹಾಗೇ ಇದ್ದೇವೆ ಎಂಬುದು ಅದರ ತಾತ್ಪರ್ಯ. ಸಿಂಕ್ಲೇರ್ ಅವರಿಗೂ ಆಟಿಸಂ ಇದೆ. ಮಗು ಮತ್ತೆ ಮತ್ತೆ ಕೈ ಬಡಿಯುವುದನ್ನು ನಿಲ್ಲಿಸುವುದೇ ಸಾಧನೆ ಎಂದುಕೊಂಡ ಮನೆಗಳು ಇದನ್ನು ಯೋಚಿಸಬೇಕು. ಮಾತಿಲ್ಲದ ಮಗುವಿಗೂ ಬೇಕು ಬೇಡಗಳಿವೆ. ಚಿತ್ರದ ಚೀಟಿಗಳಲ್ಲಿ ‘ಬೇಡ’ ಎಂಬ ಒಂದು ಚೀಟಿಯನ್ನೂ ಇಡಿ. ಅವನು ಅದನ್ನು ಎತ್ತಿ ತೋರಿಸಿದಾಗ ಗೌರವಿಸಿ.

ನೀವು ಮಾಡಬಹುದಾದದ್ದು

ನಿಮ್ಮ ಮಗುವಿನ ಬಗ್ಗೆ ಅನುಮಾನವಿದ್ದರೆ ‘ಐದು ವರ್ಷಕ್ಕೆ ಮಾತು ಬರುತ್ತೆ’ ಎಂಬ ಸಮಾಧಾನ ನಂಬಿ ಕೂರಬೇಡಿ, ಈ ತಿಂಗಳೇ ತೋರಿಸಿ. ಪ್ರಮಾಣಪತ್ರ ಕೈಗೆ ಬಂದ ದಿನ ಅದನ್ನು ಬೀರುವಿನಲ್ಲಿ ಬಚ್ಚಿಡದೆ ನಿಮ್ಮ ತಾಲ್ಲೂಕಿನ ಇನ್ನೊಂದು ಕುಟುಂಬವನ್ನು ಹುಡುಕಿ ಮಾತಾಡಿಸಿ. ನಾಲ್ಕು ಮನೆ ಸೇರಿದರೆ ಸಂಘ. ಅಂಥ ಮಗು ನಿಮ್ಮ ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯಲ್ಲಿದೆ. ಬುದ್ಧಿಮಾತಿನ ಬದಲು ವಾರಕ್ಕೊಮ್ಮೆ ಎರಡು ಗಂಟೆ ಆ ಮಗುವಿನ ಜತೆ ಕೂತು, ತಾಯಿಗೆ ಹೊರಗೆ ಹೋಗಿ ಬರಲು ಬಿಡುವು ಮಾಡಿಕೊಡಿ.

ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿಯೂ ಶೇ 5ರಷ್ಟು ಹಣವನ್ನು ಅಂಗವಿಕಲರಿಗೆ ಮೀಸಲಿಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಅದರಲ್ಲಿ ಎಷ್ಟು ಈ ಮಕ್ಕಳ ಥೆರಪಿಗೆ, ಶಾಲೆಯ ಓಡಾಟಕ್ಕೆ ಖರ್ಚಾಯಿತು ಎಂದು ಲೆಕ್ಕ ಕೇಳಿ.